ಏಟನ್ನೂ ನೆನಪಿಡುವ ಡಿಸ್ಕ್

ಕಮಡೋರ್ 64 ಕಂಪ್ಯೂಟರಿನ ಫ್ಲಾಪಿಯೊಂದನ್ನು ಡಿ64 ಕಡತವಾಗಿ ಇಳಿಸಿಕೊಂಡರೆ ಅದರ ಸಾಮಾನ್ಯ ಗಾತ್ರ 1,74,848 ಬೈಟ್. 35 ಟ್ರ್ಯಾಕ್, 683 ಸೆಕ್ಟರ್, ಒಂದೊಂದರಲ್ಲಿ 256 ಬೈಟ್. ಈ ಲೆಕ್ಕ ಬಾಯಿಪಾಠವಾದವರಿಗೆ ಕಡತದ ಗಾತ್ರ ಕಡಿಮೆಯಿದ್ದರೆ ಕಂಡೊಡನೆಯೇ ಎಲ್ಲೋ ಏನೋ ಕಳೆದಿದೆ ಎಂಬ ಸುಳಿವು ಸಿಕ್ಕಿಬಿಡುತ್ತದೆ.

ಹಳೆಯ ಡಿಸ್ಕುಗಳ ಈ ಹುಚ್ಚು ಹತ್ತಿದವರಿಗೆ ಅಮೆರಿಕದ ನ್ಯೂಜೆರ್ಸಿಯ ಐಸೆಲಿನ್ ಒಳ್ಳೆಯ ಊರು. ಓಕ್ ಟ್ರೀ ರಸ್ತೆಯ ಅಂಗಡಿಸಾಲು ದಾಟಿ, ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ ಹೋದರೆ ವಾಲ್ ಟೌನ್‌ಶಿಪ್. 1946ರಲ್ಲಿ ಚಂದ್ರನಿಗೆ ರೇಡಾರ್ ಅಲೆ ಕಳಿಸಿ ಮಾರ್ದನಿ ಪಡೆದ ಕ್ಯಾಂಪ್ ಇವಾನ್ಸ್ ಅಲ್ಲಿದೆ. ಈಗ ಅದೇ ಆವರಣದ ಇನ್ಫೋಏಜ್ ಕೇಂದ್ರದಲ್ಲಿ ವಿಂಟೇಜ್ ಕಂಪ್ಯೂಟರ್ ಫೆಡರೇಷನ್ನಿನ ಸಂಗ್ರಹಾಲಯ. ಹಳೆಯ ಯಂತ್ರಗಳನ್ನು ಕಣ್ತುಂಬ ನೋಡಿ ಬಂದವರು ಮನೆಯಲ್ಲಿ ವೈಸ್ ಎಂಬ ಎಮ್ಯುಲೇಟರಿನೊಳಗೆ ಕಮಡೋರನ್ನು ಮತ್ತೆ ಓಡಿಸಬಹುದು.

ಆದರೆ ನಿಜವಾದ ರುಚಿ ಇರುವುದು ಕೆಟ್ಟ ಡಿಸ್ಕಿನಲ್ಲಿ.

ಡಿಸ್ಕಿನೊಳಗೆ ಕಡತವೆಂದರೆ ಸೆಕ್ಟರುಗಳ ಸರಪಳಿ: ಕೊನೆಯದನ್ನು ಬಿಟ್ಟು ಪ್ರತಿ ಸೆಕ್ಟರಿನ ಮೊದಲ ಎರಡು ಬೈಟ್ ಮುಂದಿನ ಸೆಕ್ಟರಿನ ವಿಳಾಸ. ಆ ವಿಳಾಸ ಕೆಟ್ಟು ಹಿಂದಕ್ಕೆ ಬೊಟ್ಟುಮಾಡಿದರೆ ಎಚ್ಚರವಿಲ್ಲದ ತಂತ್ರಾಂಶ ಅಲ್ಲೇ ಸುತ್ತುತ್ತ ಉಳಿಯುತ್ತದೆ. ಇಲ್ಲದ 99ನೇ ಟ್ರ್ಯಾಕನ್ನು ತೋರಿಸಿದರೆ ಕುಸಿದುಬೀಳುತ್ತದೆ. ಚೆನ್ನಾಗಿ ಬರೆದ ತಂತ್ರಾಂಶ ತಾನು ಹಾದುಬಂದ ಸೆಕ್ಟರುಗಳನ್ನೆಲ್ಲ ಗುರುತಿಟ್ಟುಕೊಳ್ಳುತ್ತದೆ. ಒಂದೇ ಸೆಕ್ಟರ್ ಎರಡನೆಯ ಸಲ ಬಂತೆಂದರೆ ನಿಂತು, ಅಲ್ಲಿಯವರೆಗೆ ಓದಿದ್ದನ್ನು ಕೈಗಿತ್ತು, ಎಲ್ಲಿ ತುಂಡಾಯಿತೆಂದು ಹೇಳುತ್ತದೆ. ಹುಳು ತಿಂದ ಓಲೆಗರಿಯನ್ನು ಸಂಪಾದಿಸುವ ವಿದ್ವಾಂಸರು ಅಳಿದ ಅಕ್ಷರದ ಜಾಗದಲ್ಲಿ ಚುಕ್ಕಿಯಿಡುತ್ತಾರಲ್ಲ, ಅದೇ ಪ್ರಾಮಾಣಿಕತೆ.

ಡಿ64ನಲ್ಲಿ ಆ ಚುಕ್ಕಿಗೂ ಜಾಗವಿದೆ. ಕೆಲವು ಡಿ64 ಕಡತಗಳ ಕೊನೆಗೆ ಸೆಕ್ಟರಿಗೊಂದರಂತೆ ಇನ್ನೂ 683 ಬೈಟ್ ಸೇರಿ ಗಾತ್ರ 1,75,531 ಆಗುತ್ತದೆ. ಯಾವ ಸೆಕ್ಟರಿನಲ್ಲಿ ಯಾವ ದೋಷ ಎಂಬುದು ಅಲ್ಲಿ ದಾಖಲು: 5 ಎಂದಿದ್ದರೆ ಡ್ರೈವಿನ 23ನೇ ದೋಷ, ಅಂದರೆ ದತ್ತಾಂಶದ ಚೆಕ್‌ಸಮ್ ತಾಳೆಯಾಗಿಲ್ಲ. ಇದು ಮುಖ್ಯ, ಏಕೆಂದರೆ 1980ರ ದಶಕದ ಎಷ್ಟೋ ಆಟಗಳಲ್ಲಿ ನಕಲು ತಡೆಯಲೆಂದೇ ದೋಷಗಳನ್ನು ಬೇಕೆಂದು ಇಡುತ್ತಿದ್ದರು. ಆಟ ಆ ದೋಷವನ್ನು ಹುಡುಕಿ, ಸಿಕ್ಕರೆ ಮಾತ್ರ ಶುರುವಾಗುತ್ತಿತ್ತು. ಪಾಪ, ಕಮಡೋರಿನ 1541 ಫ್ಲಾಪಿ ಡ್ರೈವಿನ ಹೆಡ್ ಪ್ರತಿಸಲವೂ ಗಡಗಡನೆ ಬಡಿದುಕೊಳ್ಳುತ್ತಿತ್ತು. ಉತ್ಸಾಹದಲ್ಲಿ ಯಾರಾದರೂ ಅಂಥ ಸೆಕ್ಟರನ್ನು ‘ದುರಸ್ತಿ’ ಮಾಡಿದರೆ ಆಟವೇ ಓಡುವುದಿಲ್ಲ. ಯಾವುದು ಕಾಲ ಮಾಡಿದ ಗಾಯ, ಯಾವುದು ಮನುಷ್ಯ ಬರೆದ ಗುರುತು ಎಂದು ಬಿಡಿಸಿ ನೋಡುವ ಆ ತಾಳ್ಮೆಯ ಕೆಲಸವೇ ಈ ಹವ್ಯಾಸದ ಅತಿ ಸುಖದ ಭಾಗ.

ಇದೇ ಎಚ್ಚರ ಇಂದಿನ ದೊಡ್ಡ ತಂತ್ರಾಂಶಗಳಲ್ಲೂ ಇದೆ. ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಕ್ಯೂಎಮ್ಯು ಎಮ್ಯುಲೇಟರ್ ಬಳಸುವ ಕ್ಯೂಕೌ2 ಡಿಸ್ಕ್ ಇಮೇಜಿನ ತಲೆಭಾಗದಲ್ಲಿ ‘ಇದು ಕೆಟ್ಟಿದೆ’ ಎನ್ನಲು ಒಂದು ಬಿಟ್ ಮೀಸಲು. ಅದು ಹೊತ್ತಿಕೊಂಡರೆ ಓದಲು ಅಡ್ಡಿಯಿಲ್ಲ, ಬರೆಯುವ ಹಾಗಿಲ್ಲ. ದುರಸ್ತಿಗೆ ಪ್ರತ್ಯೇಕ ಆಜ್ಞೆಯಿದೆ. ಅದನ್ನು ಮೂಲದ ಮೇಲಲ್ಲ, ಅದರ ನಕಲಿನ ಮೇಲೆ ಮೊದಲು ಓಡಿಸಬೇಕು.