ಬಾಕಿ ಕೊಡುವವರು ಯಾರು?

ಲಾರಿ ಇರುವ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅಂದು ಹುಬ್ಬಳ್ಳಿಯಿಂದ ನಮ್ಮವರು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, "ನೀವು ಆರಾಮ್ ಅದೀರಿ ಅಲ್ಲ? ಗಾಡಿಗೇನೂ ಆಗಿಲ್ಲಲ್ರೀ?"

"ನಾನೂ ಆರಾಮ್ ಅದೀನಿ, ಗಾಡೀನೂ ಆರಾಮ್ ಐತಿ. ಆದ್ರ ಆ ಏಜೆಂಟ್ ಫೋನ್ ಎತ್ತವಲ್ಲ" ಅಂದರು.

ಅವರ ದನಿ ಕೇಳಿಯೇ ದುಡ್ಡು ಹೋಯಿತು ಅಂತ ನನಗೆ ಗೊತ್ತಾಯಿತು.

ನಮ್ಮದು ಇಂಡಿ. ಸಾಲ ಮಾಡಿ ತಗೊಂಡ ಆರು ಗಾಲಿಯ ಒಂದು ಲಾರಿಯೇ ನಮ್ಮ ಹೊಲ, ನಮ್ಮ ಅಂಗಡಿ ಎಲ್ಲ. ಓಡಿಸುವವರು ಅವರು, ಲೆಕ್ಕದ ವಹಿ ಬರೆಯುವವಳು ನಾನು. ತಿಂಗಳ ಕಂತು 31,000 ರೂಪಾಯಿ. ಮಳೆ ಬರಲಿ ಬಿಡಲಿ, ಲೋಡು ಸಿಗಲಿ ಬಿಡಲಿ, ತಾರೀಖು ಮಾತ್ರ ತಪ್ಪುವುದಿಲ್ಲ.

ಹೋಗುವಾಗ ನಮಗೆ ಅಷ್ಟು ಚಿಂತೆ ಇಲ್ಲ. ಇಂಡಿ ಅಂದರೆ ಲಿಂಬೆ. 2023ರಲ್ಲಿ ನಮ್ಮ ಲಿಂಬೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಸೀಸನ್ನಿನಲ್ಲಿ ಮುಂಬೈ ಕಡೆ ವಾಶಿ ಮಾರ್ಕೆಟ್ಟಿಗೆ ಗಾಡಿ ಹೋಗುತ್ತಲೇ ಇರುತ್ತದೆ. ಲೋಡು ಮಾಡಿಸುವ ಅಡತಿಯವರು ಊರಿನವರು. ಬಾಡಿಗೆ ತಡವಾದರೆ ಅವರ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತರಾಯಿತು. ಕಷ್ಟ ಇರುವುದು ಬರುವಾಗ. ಲಿಂಬೆ ಚೀಲ ಇಳಿದ ಮೇಲೆ ವಾಶಿಯಲ್ಲಿ ನಮ್ಮವರನ್ನು ಬಲ್ಲವರು ಯಾರಿದ್ದಾರೆ? ಖಾಲಿ ಬಂದರೆ ನಾನೂರು ಕಿಲೋಮೀಟರಿಗೂ ಮೇಲಿನ ದಾರಿಯ ಡೀಸೆಲ್ ಕೈಯಿಂದ. ಆಗ ಯಾರು ಲೋಡು ಕೊಡುತ್ತೇನೆ ಅಂದರೂ ದೇವರಂತೆ ಕಾಣುತ್ತಾರೆ.

ಆ ಏಜೆಂಟನ ನಂಬರು ಸಿಕ್ಕಿದ್ದು ಡ್ರೈವರುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ವಾಶಿಯಿಂದ ಹುಬ್ಬಳ್ಳಿಗೆ ಉಳಿದವರು 22,000 ಅಂದರೆ ಈತ 26,000 ಅಂದ. 12,000 ಮುಂಗಡ ಐದು ನಿಮಿಷದಲ್ಲಿ ಫೋನಿಗೆ ಬಂತು. ನಂಬಿಕೆ ಹುಟ್ಟಿದ್ದೇ ಅಲ್ಲಿ. ಉಳಿದ 14,000 ಮಾಲು ಇಳಿದ ಕೂಡಲೇ ಅಂತ ಮಾತು. ಹುಬ್ಬಳ್ಳಿ ಗೋದಾಮಿನಲ್ಲಿ ಮೂರನೇ ದಿನ ಮಾಲು ಇಳಿಯಿತು. "ಏಜೆಂಟ್ ಕಳಿಸ್ಯಾರ" ಅಂತ ಬಂದ ಹುಡುಗನ ಕೈಗೆ ಸಹಿ-ಸಿಕ್ಕಾ ಆದ ಬಿಲ್ಟಿ ಕೊಟ್ಟರು. ಅಂದು ಸಂಜೆಯಿಂದ ಆ ಫೋನು ಬಂದ್.

ಬಿಲ್ಟಿಯ ಮೇಲಿದ್ದ ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಹಚ್ಚಿದರೆ, ತಾವು ಬ್ರೋಕರನಿಗೆ ಪೂರ್ತಿ ಬಾಡಿಗೆ ಕೊಟ್ಟಾಗಿದೆ, ನಿಮ್ಮ ಜತೆ ನಮಗೇನೂ ಮಾತಾಗಿಲ್ಲ ಅಂದರು. ಮುಂಗಡವೆಲ್ಲ ಡೀಸೆಲ್ಲಿಗೆ, ಟೋಲಿಗೆ ಹೋಗಿತ್ತು. ನಮಗೆ ಉಳಿಯಬೇಕಾದ ದುಡಿಮೆಯೇ ಆ 14,000. ಆ ತಿಂಗಳ ಕಂತಿಗೆ ಮಗಳ ಕಾಲೇಜು ಫೀಸಿಗೆಂದು ಸೊಸೈಟಿಯಲ್ಲಿ ಕೂಡಿಟ್ಟಿದ್ದನ್ನು ತೆಗೆದೆವು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ.

ಮುಂದಿನ ಭಾನುವಾರ ಸಿಂದಗಿಗೆ ಹೋದೆವು. ಅಲ್ಲಿ ನಮ್ಮವರ ಕಾಕಾ ಇದ್ದಾರೆ. ಲಾರಿ ಆಫೀಸಿನಲ್ಲಿ ಬಿಲ್ಟಿ ಬರೆಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಎಲ್ಲ ಕೇಳಿ, ಎಲಿ-ಅಡಿಕಿ ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ಬಾಡಿಗಿ ಎಷ್ಟು ಅಂತ ಕೇಳಿದಿ. ಬಾಕಿ ಯಾರ ಕೊಡತಾರ ಅಂತ ಕೇಳಿದೇನು?"

ನಮ್ಮವರು ಸುಮ್ಮನಾದರು. ನಾನೂ ಸುಮ್ಮನಾದೆ. ಯಾಕೆಂದರೆ ವಹಿಯಲ್ಲಿ ನಾನು ಬರೆಯುತ್ತಿದ್ದದ್ದೂ ಬಾಡಿಗೆಯ ಅಂಕಿ ಮಾತ್ರ.

ಕಾಕಾ ಅಂದು ಹೇಳಿದ್ದನ್ನು ಮನೆಗೆ ಬಂದು ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಆಮೇಲೆ ನಾವೇ ಕಲಿತದ್ದನ್ನೂ ಸೇರಿಸಿದೆ. ನಿಮ್ಮ ಮನೆಯಲ್ಲೂ ಸ್ಟೀರಿಂಗ್ ಹಿಡಿಯುವವರಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಫೋನಿನಲ್ಲಿ ಮಾತಾಡುವವನು ಯಾರು? ಮಾಲಿನ ಮಾಲೀಕನಿಂದ ನೇರ ಲೋಡು ಹಿಡಿದ ಟ್ರಾನ್ಸ್‌ಪೋರ್ಟಿನವನೋ, ಬ್ರೋಕರೋ, ಬ್ರೋಕರನ ಕೈಕೆಳಗಿನ ಬ್ರೋಕರೋ? ಕೈ ಹೆಚ್ಚಾದಷ್ಟೂ ಬಾಕಿ ಸೋರುವ ತೂತು ಹೆಚ್ಚು. ರಸ್ತೆ ಸರಕು ಸಾಗಣೆಗೆಂದೇ 2007ರಲ್ಲಿ ಮಾಡಿದ ಕಾಯ್ದೆಯೊಂದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಬಿಲ್ಟಿ ಮೇಲೆ ಸರಕು ಕಳಿಸುವ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರೂ ಅದರಡಿ ನೋಂದಣಿ ಮಾಡಿಸಬೇಕು. "ಎಲ್ಲಾರ ಹಂತ್ಯಾಕ ಇರಂಗಿಲ್ಲ. ಆದ್ರ ಕೇಳಿದ್ ಕೂಡ್ಲೆ ಸಿಟ್ಟಿಗೇಳತಾನಂದ್ರ ಅಲ್ಲೇ ತಿಳಕೋಬೇಕು" ಅಂದರು ಕಾಕಾ.

ಎರಡನೆಯದು ಜಿಎಸ್‌ಟಿ ನಂಬರು. ಇದು ನನ್ನ ಕೆಲಸ. ಅವರು ನಂಬರು ಕಳಿಸುತ್ತಾರೆ, ನಾನು ಮನೆಯಲ್ಲಿ ಕೂತು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ. ಲಾಗಿನ್ ಬೇಡ, ದುಡ್ಡು ಬೇಡ. ಹದಿನೈದು ಅಂಕಿ-ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು: 29 ಅಂದರೆ ಕರ್ನಾಟಕ, 27 ಅಂದರೆ ಮಹಾರಾಷ್ಟ್ರ. ಹೆಸರು ಯಾರದು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಅಲ್ಲಿಯ ಹೆಸರು, ಬಿಲ್ಟಿಯ ಹೆಸರು, ಮುಂಗಡ ಹಾಕಿದ ಖಾತೆಯ ಹೆಸರು ಮೂರೂ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಯಾಕೆ ಅಂತ ಕೇಳಬೇಕು. ಆ ದಿನ ನಾವು ನೋಡಿದ್ದರೆ, 12,000 ಬಂದದ್ದು ಯಾವುದೋ ಮೂರನೆಯವರ ಹೆಸರಿನಿಂದ ಅಂತ ಅಂದೇ ತಿಳಿಯುತ್ತಿತ್ತು.

ಮೂರನೆಯದು, ಲೋಡು ಕೊಡಿಸಲು ಮೊದಲೇ ದುಡ್ಡು ಕೇಳುವವನ ಸಹವಾಸವೇ ಬೇಡ. ನೋಂದಣಿ ಫೀ, ಗೇಟ್ ಪಾಸು, ಡಿಪಾಸಿಟ್ಟು ಅಂತ ನೂರು ಹೆಸರು ಹೇಳುತ್ತಾರೆ. ಕಮಿಷನ್ ಏನಿದ್ದರೂ ಬಾಡಿಗೆಯಲ್ಲೇ ಮುರಿದುಕೊಳ್ಳಲಿ. ಹಾಗೆ ಹಾಕಿ ಮೋಸಹೋದವರು ಮುಚ್ಚಿಟ್ಟುಕೊಂಡು ಕೂಡದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದರೆ ದುಡ್ಡು ಮುಂದೆ ಹೋಗದಂತೆ ತಡೆಯುವ ಅವಕಾಶ ಇರುತ್ತದೆ.

ನಾಲ್ಕನೆಯದು, ಗಾಡಿ ಲೋಡಿಗೆ ಹಚ್ಚುವ ಮೊದಲು ಎಲ್ಲ ಮಾತೂ ಒಂದು ಮೆಸೇಜಿನಲ್ಲಿ ಬರಬೇಕು. ಎಲ್ಲಿಂದ ಎಲ್ಲಿಗೆ, ಎಷ್ಟು ಟನ್ನು, ಬಾಡಿಗೆ, ಮುಂಗಡ, ಬಾಕಿ ಯಾವ ದಿನ ಯಾರ ಖಾತೆಯಿಂದ, ಹಮಾಲಿ ಯಾರದು, ಇಳಿಸಲು ತಡವಾದರೆ ದಿನಕ್ಕೆ ಹಾಲ್ಟಿಂಗ್ ಎಷ್ಟು. ಹುಬ್ಬಳ್ಳಿಯಲ್ಲಿ ಮೂರು ದಿನ ನಿಂತದ್ದಕ್ಕೆ ನಾವು ಕೇಳಲು ಬಾಯೇ ಇರಲಿಲ್ಲ, ಮೊದಲು ಮಾತಾಡಿರಲಿಲ್ಲವಲ್ಲ.

ಐದನೆಯದು ಕಾಗದ. ತಾಜಾ ಲಿಂಬೆ, ಉಳ್ಳಾಗಡ್ಡಿಗೆ ಇ-ವೇ ಬಿಲ್ ಬೇಕಿಲ್ಲ. ಆದರೆ ವಾಪಸ್ ಬರುವಾಗ ತುಂಬುವ ಮಾಲಿನ ಬೆಲೆ 50,000 ದಾಟಿದರೆ ಸಾಮಾನ್ಯವಾಗಿ ಬೇಕೇ ಬೇಕು. ಅದರಲ್ಲಿ ನಮ್ಮ ಗಾಡಿ ನಂಬರೇ ಇರಬೇಕು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅದಕ್ಕೆ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟು ಅವಧಿ ಮುಗಿಯುವಂತಾದರೆ ಅದನ್ನು ಬೆಳೆಸಲೇಬೇಕು. ತಪಾಸಣೆಯಲ್ಲಿ ಹಿಡಿದರೆ ಮಾಲಿನ ಜತೆ ಗಾಡಿಯೂ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ರಾತ್ರಿ ಎರಡಕ್ಕೂ ಫೋನ್ ಎತ್ತುವವನೇ ನಿಜವಾದ ಏಜೆಂಟ್.

ಟಿಡಿಎಸ್ ಅಂತ ಬಾಕಿಯಲ್ಲಿ ಮುರಿಯುವವರೂ ಇದ್ದಾರೆ. ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದ ಮಾಲೀಕರು ಪ್ಯಾನ್ ನಂಬರಿನ ಜತೆ ಹಾಗಂತ ಬರೆದುಕೊಟ್ಟರೆ ಅದನ್ನು ಮುರಿಯುವಂತಿಲ್ಲ. ಇದು ನಮಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಕೊನೆಯದು, ಸಹಿ-ಸಿಕ್ಕಾ ಆದ ಬಿಲ್ಟಿಯ ಫೋಟೋ ಮನೆಗೆ ಬರದ ಹೊರತು ಕಾಗದ ಇನ್ನೊಬ್ಬರ ಕೈಗೆ ಹೋಗಬಾರದು. ಆ ಹುಡುಗನ ಕೈಗೆ ಕೊಟ್ಟ ಬಿಲ್ಟಿಯ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ.

ಇದೆಲ್ಲ ಆದ ಮೇಲೂ ಹೊಸಬರನ್ನು ಒಮ್ಮೆಲೇ ನಂಬಬೇಡ, ಸಣ್ಣ ಬಾಡಿಗೆಯಲ್ಲಿ ತೂಗಿ ನೋಡು ಅಂದಿದ್ದರು ಕಾಕಾ. ಹಾಗೆ ತೂಗಿದ್ದು ಬಸವನ ಬಾಗೇವಾಡಿಯ ಒಬ್ಬ ಏಜೆಂಟರನ್ನು. ಮೊದಲು ಝಳಕಿ ಕಡೆಯ ಢಾಬಾದಲ್ಲಿ ಅವರ ಬಗ್ಗೆ ಮೂವರು ಡ್ರೈವರುಗಳನ್ನು ಕೇಳಿದರು. ಲೋಡು ಕೊಟ್ಟರೇನು ಅಂತಲ್ಲ, ಬಾಕಿ ಎಷ್ಟು ದಿನಕ್ಕೆ ಬಂತು ಅಂತ. ಆಮೇಲೆ ಬೆಂಗಳೂರು ಯಶವಂತಪುರಕ್ಕೆ ಒಂದು ಲೋಡು ಉಳ್ಳಾಗಡ್ಡಿ. ಬಾಡಿಗೆ ಉಳಿದವರಿಗಿಂತ ಸಾವಿರ ಕಡಿಮೆ. ಆದರೆ ಬಾಕಿ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಂತು. ಒಂದು ಚೀಲ ಹರಿದದ್ದಕ್ಕೆ ಎಷ್ಟು ಮುರಿದೆವು ಅಂತಲೂ ಬರೆದು ಕಳಿಸಿದ್ದರು. ಮೂರು ವರ್ಷದಿಂದ ಅವರ ಜತೆಗೇ ಇದ್ದೇವೆ.

ನಿಯಮ ಬರೆಯುವುದು ಸುಲಭ, ಪಾಲಿಸುವುದು ಸುಲಭವಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಮತ್ತೆ ವಾಶಿಯಿಂದ ಫೋನ್ ಬಂತು. "ಒಬ್ಬಾಂವ 5,000 ಹೆಚ್ಚಿಗಿ ಕೊಡ್ತೀನಿ ಅಂತಾನ. ಜಿಎಸ್‌ಟಿ ನಂಬರ್ ಕೇಳಿದ್ರ ನಾಳೆ ಕಳಸ್ತೀನಿ ಅಂತಾನ. ಏನ್ ಮಾಡ್ಲಿ?" ಕಂತಿಗೆ ಐದು ದಿನ ಇತ್ತು. ಖಾತೆಯಲ್ಲಿ ಹದಿನೆಂಟು ಸಾವಿರವೂ ಇರಲಿಲ್ಲ. ನನ್ನ ನಾಲಗೆಯ ತುದಿಗೆ 'ಹೂಂ' ಬಂದಿತ್ತು. "ನಾಳೆ ನಂಬರ್ ಬಂದ್ರ ನಾಳೆ ಲೋಡ್ ಮಾಡ್ರಿ" ಅಂದೆ.

ನಂಬರು ಬರಲಿಲ್ಲ. ಒಂದು ದಿನ ಸುಮ್ಮನೆ ಹೋಯಿತು, ಊಟ-ಪಾರ್ಕಿಂಗಿನ ಖರ್ಚು ಬೇರೆ. ಮರುದಿನ ಕಡಿಮೆ ಬಾಡಿಗೆಯ ಲೋಡು ಹಿಡಿದು ಬಂದರು. ಕಂತು ನಾಲ್ಕು ದಿನ ತಡವಾಯಿತು, ದಂಡವನ್ನೂ ಕಟ್ಟಿದೆವು. ನನ್ನಿಂದ ನಷ್ಟವಾಯಿತೇನೋ ಅಂತ ಎಷ್ಟೋ ರಾತ್ರಿ ಅನ್ನಿಸಿದ್ದಿದೆ. ಆತ ಒಳ್ಳೆಯವನೇ ಇದ್ದಿರಬಹುದು. ಆದರೆ ಬಾಕಿ ಎಂಟನೇ ದಿನಕ್ಕೆ ಪೂರ್ತಿ ಬಂದಾಗ ನಮ್ಮವರು ಅಂದರು: "ಈ ಸಲ ರಾತ್ರಿ ನಿದ್ದಿ ಆತು ನೋಡು."

ಹುಬ್ಬಳ್ಳಿಯ ಆ 14,000 ಇವತ್ತಿಗೂ ಬಂದಿಲ್ಲ. ವಹಿಯ ಆ ಪುಟ ಹರಿದು ಹಾಕಿಲ್ಲ.

ಕಳೆದ ತಿಂಗಳು ಮುದ್ದೇಬಿಹಾಳದಿಂದ ನನ್ನ ತಂಗಿಯ ಮೈದುನ ಫೋನ್ ಮಾಡಿದ್ದ. ಹೊಸದಾಗಿ ಸೆಕೆಂಡ್ ಹ್ಯಾಂಡ್ ಲಾರಿ ತಗೊಂಡಿದ್ದಾನೆ, ತೊಗರಿ ಲೋಡು ಹಿಡಿಯಬೇಕಂತೆ. "ಅಕ್ಕಾ, ಒಬ್ಬ ಚಲೋ ಏಜೆಂಟನ ನಂಬರ್ ಕೊಡ್ರಿ" ಅಂದ.

ನಂಬರು ಕೊಟ್ಟೆ. ಜತೆಗೆ ವಹಿಯ ಹಿಂದಿನ ಪುಟದ ಫೋಟೋ ತೆಗೆದು ಕಳಿಸಿ ಹೇಳಿದೆ: "ಇವರು ನಮಗ ಚಲೋ ಅದಾರಪ್ಪಾ. ಆದ್ರೂ ನೀ ಎಲ್ಲಾ ಕೇಳೇ ಗಾಡಿ ಹಚ್ಚು. ಚಲೋ ಮಂದಿ ಕೇಳಿದ್ರ ಬ್ಯಾಸರ ಮಾಡ್ಕೊಳ್ಳಂಗಿಲ್ಲ."