ಮೂವತ್ತಾರನೇ ದಿನದ ಪತ್ರ

ನಮ್ಮೂರಲ್ಲಿ, ಅಂದ್ರೆ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಲ್ಲಿ, ನಾನು ಏನು ಕೆಲಸ ಮಾಡ್ತೀನಿ ಅಂತ ವಿವರಿಸೋದು ಕಷ್ಟ. ಎಂಜಿನಿಯರ್ ಅಂದ ಕೂಡಲೇ ಸಿಮೆಂಟು, ಕಬ್ಬಿಣ, ಹೆಲ್ಮೆಟ್ಟು ಅಂದ್ಕೋತಾರೆ. ನಾನು ಹೆಲ್ಮೆಟ್ ಹಾಕೋದು ತಿಂಗಳಿಗೆ ಒಂದೆರಡು ದಿನ. ಉಳಿದ ದಿನವೆಲ್ಲ ಬೆಂಗಳೂರಿನ ಆಫೀಸಲ್ಲಿ ಕೂತು ಗುತ್ತಿಗೆದಾರರ ಪತ್ರ ಓದೋದು, ಅದಕ್ಕೆ ಉತ್ತರ ಬರೆಯೋದು. "ಹಂಗಾರ ಕ್ಲಾರ್ಕು ಅನ್ನು" ಅಂದಿದ್ದ ಚಿಕ್ಕಪ್ಪ. ಪೂರ್ತಿ ತಪ್ಪೇನಲ್ಲ.

ನನ್ನ ಮೇಜಿನ ಮೇಲೆ ಸದಾ ಇರುವ ಪುಸ್ತಕ ಫಿಡಿಕ್‌ನ ರೆಡ್ ಬುಕ್. ಫಿಡಿಕ್ ಅನ್ನೋದು 1913ರಲ್ಲಿ ಹುಟ್ಟಿದ ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಫಿಡಿಕ್. ಕಟ್ಟಡ ಕಾಮಗಾರಿಯ ಮಾದರಿ ಕರಾರನ್ನು 1957ರಲ್ಲಿ ಮೊದಲು ಹೊರತಂದರು. 1999ರಲ್ಲಿ ಬಣ್ಣಬಣ್ಣದ ಹೊಸ ಸೆಟ್ ಬಂತು: ಮಾಲೀಕನೇ ವಿನ್ಯಾಸ ಕೊಟ್ಟರೆ ಕೆಂಪು, ಗುತ್ತಿಗೆದಾರನೇ ವಿನ್ಯಾಸ ಮಾಡಿದರೆ ಹಳದಿ, ಬೀಗದ ಕೈ ಕೊಡೋ ತನಕ ಹೆಚ್ಚುಕಮ್ಮಿ ಎಲ್ಲ ತಲೆನೋವು ಅವನದೇ ಅಂದ್ರೆ ಬೆಳ್ಳಿ. ವಿಶ್ವಬ್ಯಾಂಕಿನಂಥವರ ಸಾಲದಲ್ಲಿ ನಡೆಯುವ ಕೆಲಸಗಳಿಗೆ ಈ ಕೆಂಪು ಪುಸ್ತಕದ್ದೇ ಒಂದು ರೂಪ ಬಳಕೆಯಲ್ಲಿದೆ.

ನೂರಾರು ಪುಟ ಇದ್ದರೂ ಅದು ಕೇಳೋದು ಒಂದೇ ಪ್ರಶ್ನೆ: ನಷ್ಟ ಬಂದ್ರೆ ಯಾರ ತಲೆಗೆ? 4.12 ಅಂತ ಒಂದು ಕಲಂ ಇದೆ. ಅನುಭವಿ ಗುತ್ತಿಗೆದಾರನೂ ಟೆಂಡರ್ ಹೊತ್ತಿಗೆ ಊಹಿಸಲಾಗದಂಥ ಬಂಡೆ ನೆಲದಡಿ ಸಿಕ್ಕರೆ ಅವನಿಗೆ ಹೆಚ್ಚುವರಿ ದಿನ, ಹೆಚ್ಚುವರಿ ಖರ್ಚು ಸಿಗುತ್ತೆ. ಲಾಭ ಇಲ್ಲ, ಖರ್ಚು ಮಾತ್ರ. ಇದು ಧರ್ಮಕ್ಕೆ ಮಾಡಿದ ಉಪಕಾರ ಅಲ್ಲ. ಈ ಕಲಂ ಇರದಿದ್ದರೆ ಪ್ರತಿಯೊಬ್ಬನೂ ಇಲ್ಲದ ಬಂಡೆಗೂ ದುಡ್ಡು ಸೇರಿಸಿ ಟೆಂಡರ್ ಹಾಕ್ತಾನೆ.

ಆದ್ರೆ ಕೊನೆಯಲ್ಲಿ 20.1 ಕಾದು ಕೂತಿರುತ್ತೆ. ವಿಷಯ ಗೊತ್ತಾದ, ಇಲ್ಲವೇ ಗೊತ್ತಾಗಬೇಕಿದ್ದ ದಿನದಿಂದ 28 ದಿನದೊಳಗೆ ನೋಟಿಸ್ ಕೊಡಬೇಕು. ಕೊಡದಿದ್ದರೆ ದಿನವೂ ಇಲ್ಲ, ದುಡ್ಡೂ ಇಲ್ಲ. ನೋಟಿಸ್ ಬರವಣಿಗೆಯಲ್ಲೇ ಇರಬೇಕು. ಇದಕ್ಕೂ ಕಾರಣ ಇದೆ. ಬೇಗ ತಿಳಿಸಿದ್ರೆ ಬಂಡೆಯನ್ನು ಕಣ್ಣಾರೆ ನೋಡಬಹುದು, ಅಳೆಯಬಹುದು, ಬೇಕಿದ್ದರೆ ದಾರಿಯನ್ನೇ ಬದಲಿಸಬಹುದು.

ಎರಡು ವರ್ಷದ ಹಿಂದೆ ಒಂದು ಪೈಪ್‌ಲೈನ್ ಕೆಲಸ. ಎಲ್ಲಿ, ಯಾರದ್ದು ಅಂತ ಹೇಳಲ್ಲ. ಗುತ್ತಿಗೆದಾರನ ಸೈಟ್ ಎಂಜಿನಿಯರ್ ನಮ್ಮ ಕಡೆಯ ಹುಡುಗ, ಕೊಟ್ಟೂರಿನವನು. ಬಂಡೆ ಸಿಕ್ಕ ಐದನೇ ದಿನ ಟೀ ಅಂಗಡಿಯಲ್ಲಿ ನಂಗೆ ಹೇಳಿದ: "ಸರ್, ಕಲ್ಲು ಬಂದೈತಿ. ಭಾರೀ ಗಟ್ಟಿ ಐತಿ." ನಾನು "ನೋಡೋಣ" ಅಂದೆ. ಪತ್ರ ಬಂದದ್ದು ಮೂವತ್ತಾರನೇ ದಿನ. ಅವರ ಹೆಡ್ಡಾಫೀಸಲ್ಲಿ ಯಾರದೋ ಸಹಿಗೆ ಕಾದಿತ್ತಂತೆ.

ರೆಡ್ ಬುಕ್ಕಿನಲ್ಲಿ 'ಎಂಜಿನಿಯರ್' ಅನ್ನೋದು ಒಂದು ಪಾತ್ರ. ಸಂಬಳ ಮಾಲೀಕನದು, ಆದರೂ ನಿರ್ಣಯ ನ್ಯಾಯವಾಗಿರಬೇಕು. ಆ ಪಾತ್ರದ ಪರವಾಗಿ ಉತ್ತರದ ಕರಡು ಬರೆದವನು ನಾನು. ಮೂರು ಪ್ಯಾರಾ: 20.1, ಎಂಟು ದಿನ ತಡ, ಕ್ಲೈಮ್ ತಿರಸ್ಕೃತ. ಬಾಸು ಒಂದು ಅಕ್ಷರ ತಿದ್ದದೆ ಸಹಿ ಹಾಕಿದ್ರು. ನಿಜ ಹೇಳ್ತೀನಿ, ಅವತ್ತು ಖುಷಿಯಾಗಿತ್ತು. ಮೂರು ತಿಂಗಳಿಗೆ ಆ ಹುಡುಗನ ಕೆಲಸ ಹೋಯ್ತು. ತಡವಾದದ್ದು ಅವನ ತಪ್ಪು ಅಂತಾಯ್ತು.

ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಜಂಬ ಇತ್ತು ಅಂತಾನೇ ಇಟ್ಕೊಳ್ಳಿ.

"ಆ ಹುಡುಗ ನಿನಗ ಹೇಳಿದ್ನೋ ಇಲ್ಲೋ?"

"ಹೇಳಿದ್ದ. ಬರೆದು ಕೊಡಲಿಲ್ಲ."

"ನಿನಗ ಗೊತ್ತಿತ್ತಲ್ಲ ಮತ್ತ?"

ನಾನು ಕಲಂ ವಿವರಿಸೋಕೆ ಶುರು ಮಾಡಿದೆ. ಅಪ್ಪ ಹೊಲದ ಬಾವಿ ಕತೆ ತೆಗೆದ. ನಾನು ಏಳನೇ ಕ್ಲಾಸಲ್ಲಿದ್ದಾಗ ತೋಡಿಸಿದ್ದು. ನಲವತ್ತು ಅಡಿಗೆ ಒಟ್ಟು ಇಷ್ಟು ಅಂತ ಮಾತು, ಕಾಗದ ಗೀಗದ ಏನೂ ಇಲ್ಲ. ಇಪ್ಪತ್ತೆರಡು ಅಡಿಗೆ ಕಲ್ಲು ಬಂತು. ಅವತ್ತು ಸಂಜೆಯೇ ಮೇಸ್ತ್ರಿ ಮನೆ ಕಟ್ಟೆಗೆ ಬಂದು "ಯಜಮಾನ್ರೆ, ಮದ್ದು ಇಡಬೇಕಾಗ್ತೈತಿ, ರೇಟು ನೋಡ್ರಿ" ಅಂದ. ಅಪ್ಪನೂ "ನೋಡಾಣ" ಅಂದಿದ್ದ. ಹತ್ತು ದಿನ ಕಾದು, ರಾತ್ರೋರಾತ್ರಿ ಗುಡಿಸಲು ಕಿತ್ತುಕೊಂಡು ಅವರು ಹೋಗಿಬಿಟ್ರು, ಅಡ್ವಾನ್ಸೂ ಹೋಯ್ತು. ಎರಡು ಬೇಸಿಗೆ ಬಾವಿ ಹಂಗೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಆಮೇಲೆ ಬೇರೆಯವರು ಬಂದು ಮುಗಿಸಿದ್ರು, ಮೊದಲ ಮೇಸ್ತ್ರಿ ಕೇಳಿದ್ದಕ್ಕಿಂತ ಎರಡು ಪಟ್ಟು ದುಡ್ಡಿಗೆ. ಬೋರ್‌ವೆಲ್ಲುಗಳು ಬಂದ ಮೇಲೆ ಈಗ ಅದರಲ್ಲಿ ನೀರೂ ಇಲ್ಲ, ಆ ಮಾತು ಬೇರೆ.

"ಅವ ಬಂದು ಹೇಳಿದ್ದ. ನಾನು ಹೇಳಿಲ್ಲ ಅನ್ನಲಿಲ್ಲ" ಅಂದ ಅಪ್ಪ. ದುಡ್ಡು ಕೊಡದೇ ಇದ್ದದ್ದನ್ನು ಸಮರ್ಥಿಸಿಕೊಳ್ಳಲೂ ಇಲ್ಲ.

ಆಮೇಲೆ ಓದ್ತಾ ಹೋದೆ. 1872ರ ನಮ್ಮ ಕರಾರು ಕಾಯ್ದೆಯ 28ನೇ ಸೆಕ್ಷನ್‌ಗೆ 1997ರಲ್ಲಿ ಬಂದ ತಿದ್ದುಪಡಿ ಪ್ರಕಾರ, ಇಷ್ಟು ದಿನ ಕಳೆದರೆ ಹಕ್ಕೇ ಹೋಯ್ತು ಅಂತ ಬರೆದುಕೊಂಡ ಷರತ್ತು ಅಸಿಂಧು. 28 ದಿನದ ಎದುರಿಗೆ 28ನೇ ಸೆಕ್ಷನ್! ಅದು ಈ ನೋಟಿಸ್ ಕಲಮಿಗೆ ಅನ್ವಯಿಸುತ್ತಾ ಅಂತ ವಕೀಲರು ವಾದಿಸ್ತಾರೆ. ಆ ವಾದಕ್ಕೆ ಫೀಸು ಕಟ್ಟೋ ಶಕ್ತಿ ಎಲ್ಲ ಗುತ್ತಿಗೆದಾರರಿಗೂ ಇರಲ್ಲ. ಫಿಡಿಕ್‌ನವರೇ 2017ರ ಆವೃತ್ತಿಯಲ್ಲಿ ಸ್ವಲ್ಪ ಸಡಿಲಿಸಿದ್ದಾರೆ: ನೋಟಿಸ್ ತಡವಾಗಿದೆ ಅಂತ ಎಂಜಿನಿಯರ್ 14 ದಿನದೊಳಗೆ ಹೇಳದಿದ್ದರೆ ಅದು ಸಿಂಧು, ತಡಕ್ಕೆ ಕಾರಣ ಇದ್ದರೆ ಅದನ್ನೂ ಪರಿಗಣಿಸಬೇಕು. ನಮ್ಮದು 1999ರ ಕರಾರು.

ಈಗ ಸೈಟಲ್ಲಿ ಯಾರಾದ್ರೂ ಬಾಯಿಮಾತಲ್ಲಿ ಏನಾದ್ರೂ ಹೇಳಿದ್ರೆ "ಇವತ್ತೇ ಎರಡು ಸಾಲು ಬರೆದು ಕಳ್ಸಿ" ಅಂತೀನಿ. "ನೀನು ಯಾರ ಕಡೆಯಪ್ಪಾ?" ಅಂತ ಬಾಸು ಒಮ್ಮೆ ಕೇಳಿದ್ರು.

ಆ ಕ್ಲೈಮ್ ಈಗ ವಿವಾದ ಮಂಡಳಿಯ ಮುಂದಿದೆ, ಮುಂದಿನ ತಿಂಗಳು ವಿಚಾರಣೆ. ಬಂಡೆ ವಿಷಯ ನಿಮಗೆ ಮೊದಲು ಯಾವಾಗ ಗೊತ್ತಾಯ್ತು ಅಂತ ನನ್ನನ್ನೂ ಕೇಳಬಹುದು. ತಾರೀಖು ನೆನಪಿದೆ.