ಹಳೆ ಮದ್ರಾಸ್ ರಸ್ತೆಯ 'ಹಳೆ'

ಇಂದಿರಾನಗರದ ಉತ್ತರದಂಚಿಗೆ ಹಳೆ ಮದ್ರಾಸ್ ರಸ್ತೆ. ಮದ್ರಾಸು 1996ರಲ್ಲಿ ಚೆನ್ನೈ ಆಯಿತು, 2011ರಿಂದ ಇಲ್ಲಿ ತಲೆಯ ಮೇಲೆ ಮೆಟ್ರೊ ಓಡುತ್ತಿದೆ. ಜನರ ಬಾಯಲ್ಲಿ ರಸ್ತೆಯ ಹೆಸರು ಮಾತ್ರ ಅದೇ.

ಬಡಾವಣೆಯ ಒಂದು ಭಾಗಕ್ಕೆ ಎಚ್‌ಎಎಲ್ ಎರಡನೇ ಹಂತವೆಂದೇ ಹೆಸರು. ಆ ಎಚ್‌ಎಎಲ್ ನಾಸಿಕ್‌ನಲ್ಲಿ ಸೋವಿಯತ್ ಮಿಗ್ ವಿಮಾನಗಳನ್ನು ಕಟ್ಟಿದ ಸಂಸ್ಥೆ. ಹಾಗಾಗಿ ರಷ್ಯನ್ ಭಾಷೆಯನ್ನು ಇಲ್ಲಿ ನೆನೆದರೆ ಅಸಂಗತವೇನಲ್ಲ.

'ಹಳೆ ಮದ್ರಾಸ್ ರಸ್ತೆಯಲ್ಲಿ' ಎನ್ನುವಾಗ ನಾವು ವಿಭಕ್ತಿಯನ್ನು ಕೊನೆಯ ಪದಕ್ಕಷ್ಟೇ ಅಂಟಿಸುತ್ತೇವೆ. ರಷ್ಯನ್ನರಿಗೆ ಅಷ್ಟು ಸಾಲದು. ಅವರ 'ದರೋಗ', ಅಂದರೆ ರಸ್ತೆ, ಸ್ತ್ರೀಲಿಂಗ. ಆದ್ದರಿಂದ ಅದರ ವಿಶೇಷಣಗಳೂ ಸ್ತ್ರೀಲಿಂಗವಾಗಬೇಕು: ಸ್ತಾರಯ ಮದ್ರಾಸ್ಕಯ ದರೋಗ. ರಸ್ತೆಯಲ್ಲಿ ನಿಂತಿರೋ, ಮೂರೂ ಪದ ಒಟ್ಟಿಗೆ ವೇಷ ಬದಲಿಸುತ್ತವೆ: ನ ಸ್ತಾರೊಯ್ ಮದ್ರಾಸ್ಕೊಯ್ ದರೋಗೆ. ಹೈಸ್ಕೂಲಿನಲ್ಲಿ ಸಂಸ್ಕೃತ ಉರುಹೊಡೆದವರಿಗೆ ಈ ಕಾಟ ಹೊಸದಲ್ಲ ಬಿಡಿ.

ಅಡ್ಡರಸ್ತೆಗೆ ಹೊಕ್ಕರೆ ಹಳೆ ಮನೆ, ಹಳೆ ಮರ. ನಮ್ಮ 'ಹಳೆ' ಎರಡಕ್ಕೂ ಒಂದೇ. ಅವರಲ್ಲಿ ಮನೆ ಪುಲ್ಲಿಂಗ, ಸ್ತಾರಿ ದೋಮ್. ಮರ ನಪುಂಸಕ, ಸ್ತಾರಯೆ ದೇರೆವೊ. ಈ ದೇರೆವೊ ಸಂಸ್ಕೃತದ 'ದಾರು'ವಿನ ನೆಂಟ.

ನೂರಡಿ ರಸ್ತೆಯತ್ತ ಬಂದಂತೆ ಮನೆಗಳೇ ಕಡಿಮೆ. ವಾಸದ ಮನೆಗಳಿದ್ದ ಜಾಗದಲ್ಲಿ ಬಟ್ಟೆ ಅಂಗಡಿ, ಹೋಟೆಲು, ಪಬ್ಬು. ನಾಮಪದವೇ ಮಾಯವಾದರೆ ವಿಶೇಷಣದ ಗತಿಯೇನು? ರಷ್ಯನ್ನಿನಲ್ಲಿ ಅದು ಹಳೆಯ ಲಿಂಗವನ್ನು ಹೊತ್ತುಕೊಂಡೇ ಬದುಕುತ್ತದೆ. ಊಟದ ಕೋಣೆಗೆ 'ಸ್ತಲೋವಯ' ಎಂದರೆ ಸಾಕು; ಕೋಣೆ ಎಂಬ ಪದ ಬಿದ್ದುಹೋದರೂ ಸ್ತ್ರೀಲಿಂಗ ಉಳಿದಿದೆ. ಐಸ್‌ಕ್ರೀಮಿಗೆ 'ಮರೋಝೆನಯೆ', ಅಂದರೆ ಹೆಪ್ಪುಗಟ್ಟಿದ್ದು.

ಕನ್ನಡದ ವಿಶೇಷಣ ನಾಮಪದದ ಪಕ್ಕದಲ್ಲಿರುವಷ್ಟು ಕಾಲ ಲಿಂಗ, ವಚನ ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಒಂಟಿಯಾದ ಕೂಡಲೇ ಎಲ್ಲವನ್ನೂ ತಾನೇ ಹೊರಬೇಕು: ಹಳಬ, ಹಳಬರು, ಹಳೆಯದು. ಇಂದಿರಾನಗರದಲ್ಲಿ ಈಗ ಹೆಚ್ಚು ಕಿವಿಗೆ ಬೀಳುವುದು ಈ ಒಂಟಿ ರೂಪಗಳೇ. ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತ ನಿವೃತ್ತರು "ಹಳೆಯದೂ ಹೋಯಿತಂತೆ" ಎನ್ನುತ್ತಾರೆ. ಏನು ಹೋಯಿತೆಂದು ಪಕ್ಕದವರು ಕೇಳುವುದಿಲ್ಲ.

ಇದೇ ರಸ್ತೆ ಹಿಡಿದು ಕೆ.ಆರ್. ಪುರ ದಾಟಿದರೆ ಹೊಸಕೋಟೆ. ಕೋಟೆ ಹಳೆಯದಾಗಿ ಶತಮಾನಗಳೇ ಕಳೆದವು. ರಷ್ಯದಲ್ಲೂ ಅಂಥದೇ ಒಂದು ನವ್ಗೊರದ್ ಇದೆ. ಹೆಸರಿನ ಅರ್ಥ ಹೊಸ ಊರು. ಚರಿತ್ರೆಯ ಬರಹಗಳಲ್ಲಿ ಅದು 859ರಷ್ಟು ಹಿಂದೆಯೇ ಕಾಣಿಸಿಕೊಳ್ಳುತ್ತದೆ.